ಕಿಡಿಗೆ ಮುಹೂರ್ತ ಇಟ್ಟವರು

ಕೋಲ್ಕತ್ತಾದಲ್ಲಿ ಪಾರ್ಕ್ ಸ್ಟ್ರೀಟು ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯನ್ನು ಸೇರುವ ಕಡೆ ಮಲ್ಲಿಕ್ ಬಜಾರ್ ಎಂಬ ಪೇಟೆಯಿದೆ. ಹಳೆಯ ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಜಾಗ. ಎಂಬತ್ತರ ದಶಕದಲ್ಲಿ ಮೈಸೂರಿನಿಂದ ಈ ನಗರಕ್ಕೆ ವರ್ಗವಾಗಿ ಬಂದ ನನ್ನ ತಂದೆ, ತಮ್ಮ ಯೆಜ್ಡಿಯನ್ನು ರೈಲಿನಲ್ಲಿ ಹೌರಾಕ್ಕೆ ತರಿಸಿಕೊಂಡಿದ್ದರು. ಅದಕ್ಕೆ ಮದ್ದು ಹಾಕುವ ಕೈ ಸಿಕ್ಕಿದ್ದು ಮಲ್ಲಿಕ್ ಬಜಾರಿನ ಒಂದು ಗಲ್ಲಿಯಲ್ಲಿ. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು; ನಾವೂ ಹಾಗೆಯೇ ಕರೆದೆವು.

ಒಂದು ಆಷಾಢದಲ್ಲಿ ಉಸ್ತಾದರು ಗಾಡಿಗೆ ಹೊಸ ಪಾಯಿಂಟ್ ಸೆಟ್ ಹಾಕಿ, ಟೈಮಿಂಗ್ ಸರಿಮಾಡಿ ಕೊಟ್ಟರು. ಮಾರನೆಯ ದಿನ ಕಾಲೇಜ್ ಸ್ಟ್ರೀಟಿನಲ್ಲಿ ನೀರು ನಿಂತಿತ್ತು. ಟ್ರಾಮಿನ ಹಳಿಯನ್ನು ಓರೆಯಾಗಿ ದಾಟುವಾಗ ತಂದೆ ಎಂದಿನಂತೆಯೇ ಆಕ್ಸಿಲರೇಟರ್ ತಿರುಗಿಸಿದರು. ಹಿಂದಿನ ಚಕ್ರ ಹಳಿಯ ಮೇಲೆ ಜರ್ರನೆ ತಿರುಗಿ, ಇಬ್ಬರೂ ಬಿದ್ದೆವು. ಅವರ ಮೊಣಕೈ, ನನ್ನ ಮಂಡಿ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಹಿಂದಿನಿಂದ ಬರುತ್ತಿದ್ದ ಟ್ರಾಮು ನಿಧಾನವಾಗಿದ್ದುದು ನಮ್ಮ ಪುಣ್ಯ.

ಗಾಡಿಗೆ ಶಕ್ತಿ ಹೆಚ್ಚು ಮಾಡಿದ್ದೀರಾ ಎಂದು ತಂದೆ ಕೇಳಿದಾಗ ಉಸ್ತಾದರು ಕೊಟ್ಟ ಉತ್ತರ ನನಗೆ ಅರ್ಥವಾಗಲು ಅನೇಕ ವರ್ಷ ಬೇಕಾಯಿತು. "ಜೋರು ಅಷ್ಟೇ ಇದೆ ದಾದಾ. ಜೋರು ಬರುವ ರೀತಿ ಬದಲಾಗಿದೆ."

ಈ ಒಂದು ಮಾತಿನ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಎಂಜಿನ್ನಿನ ಸಿಲಿಂಡರಿನೊಳಗೆ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು, ಆ ಗಳಿಗೆಯನ್ನು ನಿಶ್ಚಯಿಸುವ ಅಧಿಕಾರ ಯಾರದು ಎಂಬುದರ ಚರಿತ್ರೆ ಅದು. ಮೊದಲು ಸವಾರನ ಕೈಯಲ್ಲಿದ್ದ ಈ ಅಧಿಕಾರ ಸ್ಪ್ರಿಂಗಿಗೆ ಹೋಯಿತು, ಮೆಕ್ಯಾನಿಕ್ಕಿನ ಕಣ್ಣಿಗೆ ಹೋಯಿತು, ಕೊನೆಗೆ ಚಿಪ್ಪಿನೊಳಗಿನ ಒಂದು ಕೋಷ್ಟಕಕ್ಕೆ ಹೋಯಿತು. ಬಂಡೆ ಹತ್ತುವ ಟ್ರಯಲ್ಸ್ ಮೋಟಾರ್‌ಸೈಕಲ್ಲಿನಲ್ಲಿ ಮಾತ್ರ ಅದರ ಒಂದು ಪಾಲು ಸಣ್ಣದೊಂದು ಸ್ವಿಚ್ಚಿನ ರೂಪದಲ್ಲಿ ಸವಾರನ ಕೈಗೆ ಮರಳಿದೆ.

ಮೊದಲು ಗಳಿಗೆಯ ಲೆಕ್ಕ. ಪಿಸ್ಟನ್ ಮೇಲೇರಿ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒತ್ತುತ್ತದೆ, ಕಿಡಿ ಹಾರುತ್ತದೆ, ಉರಿ ಹಬ್ಬಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಆದರೆ ಕಿಡಿ ಹಾರಿದ ಕ್ಷಣವೇ ಎಲ್ಲವೂ ಉರಿದು ಮುಗಿಯುವುದಿಲ್ಲ. ಉರಿ ಹಬ್ಬಲು ಒಂದೆರಡು ಮಿಲಿಸೆಕೆಂಡು ಬೇಕು. ಪಿಸ್ಟನ್ ಮೇಲ್ತುದಿಯನ್ನು ಮುಟ್ಟಿ, ಕ್ರ್ಯಾಂಕು ಸುಮಾರು 15 ಡಿಗ್ರಿ ತಿರುಗಿದಾಗ ಒತ್ತಡ ಅತಿ ಹೆಚ್ಚಾಗಿದ್ದರೆ ತಳ್ಳುವಿಕೆ ಚೆನ್ನಾಗಿರುತ್ತದೆ. ಆದ್ದರಿಂದ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಿಸಬೇಕು. ಇದನ್ನೇ ಅಡ್ವಾನ್ಸ್ ಎನ್ನುತ್ತಾರೆ. ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕು 6 ಡಿಗ್ರಿ ಸರಿಯುತ್ತದೆ. 5,000 ಸುತ್ತಿನಲ್ಲಿ ಅದೇ ಮಿಲಿಸೆಕೆಂಡಿಗೆ 30 ಡಿಗ್ರಿ. ವೇಗ ಹೆಚ್ಚಿದಂತೆ ಒಳಗಿನ ಗಾಳಿಯ ಸುಳಿಯೂ ಹೆಚ್ಚಿ ಉರಿ ಬೇಗ ಹಬ್ಬುವುದರಿಂದ ಲೆಕ್ಕ ಇಷ್ಟು ನೇರವಲ್ಲ. ಆದರೂ ಒಂದು ವೇಗಕ್ಕೆ ಕೂಡಿಬರುವ ಮುಹೂರ್ತ ಇನ್ನೊಂದು ವೇಗಕ್ಕೆ ಕೂಡಿಬರುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕಿಡಿ ತೀರಾ ಮುಂಚೆ ಹಾರಿದರೆ, ಮೇಲೇರುತ್ತಿರುವ ಪಿಸ್ಟನ್ನಿನ ನೆತ್ತಿಗೇ ಉರಿಯ ಪೆಟ್ಟು ಬೀಳುತ್ತದೆ. ಎಂಜಿನ್ ಕಟಕಟ ಎನ್ನುತ್ತದೆ, ಕಾಯುತ್ತದೆ, ಕೆಲವೊಮ್ಮೆ ಪಿಸ್ಟನ್ ತೂತಾಗುತ್ತದೆ. ಕಿಕ್ಕರ್ ಒದೆಯುವಾಗ ಅದೇ ಉಲ್ಟಾ ಒದೆದು ಕಾಲು ಮುರಿದವರುಂಟು. ತಡವಾಗಿ ಹಾರಿದರೆ ಉರಿಯ ಬಹುಪಾಲು ಬಿಸಿಯಾಗಿ ಸೈಲೆನ್ಸರಿನ ಕಡೆಗೆ ಹೋಗುತ್ತದೆ, ತಳ್ಳುವಿಕೆ ಮೆತ್ತಗಾಗುತ್ತದೆ. ಆ ಮೆತ್ತಗಿನ ತಳ್ಳುವಿಕೆ ಸಾಮಾನ್ಯ ರಸ್ತೆಯಲ್ಲಿ ದೋಷ. ಒದ್ದೆ ಹಳಿಯ ಮೇಲೆ, ಪಾಚಿಗಟ್ಟಿದ ಬಂಡೆಯ ಮೇಲೆ ಅದೇ ಗುಣ.

ಕಿಡಿಯ ಮಟ್ಟಿಗೆ ಕೋಲ್ಕತ್ತಾ ಹೊಸ ಊರೇನಲ್ಲ. ಮಲ್ಲಿಕ್ ಬಜಾರಿನ ರಸ್ತೆಗೆ ಯಾರ ಹೆಸರಿದೆಯೋ ಆ ಜಗದೀಶಚಂದ್ರ ಬೋಸರು 1890ರ ದಶಕದ ನಡುವಿನಲ್ಲಿ ಇದೇ ನಗರದಲ್ಲಿ ಇಂಡಕ್ಷನ್ ಕಾಯಿಲಿನಿಂದ ಕಿಡಿ ಹಾರಿಸಿ, ಅದರಿಂದ ಹೊರಟ ಅಲೆಗಳಿಂದ ದೂರದಲ್ಲಿದ್ದ ಗಂಟೆ ಬಾರಿಸಿ, ಮದ್ದಿನ ಪುಡಿ ಸಿಡಿಸಿ ತೋರಿಸಿದ್ದರು. ಕಾಯಿಲಿನೊಳಗೆ ಹರಿಯುವ ಕರೆಂಟನ್ನು ಥಟ್ಟನೆ ಕಡಿದಾಗ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟು ಹುಟ್ಟುತ್ತದೆ ಎಂಬುದೇ ಅದರ ತತ್ತ್ವ. ಯೆಜ್ಡಿಯ ಪಾಯಿಂಟು, ಕಾಯಿಲುಗಳ ತತ್ತ್ವವೂ ಅದೇ. ಬೋಸರ ಹೆಸರಿನ ರಸ್ತೆಯಲ್ಲಿ ಪಾಯಿಂಟ್ ಸೆಟ್ಟು ಮಾರುವವರಿಗೆ ಈ ನಂಟು ನೆನಪಿರಬೇಕಾಗಿಲ್ಲ. ನಂಟು ಮಾತ್ರ ನಿಜ.

1902ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಬಾಷ್ ಕಾರ್ಖಾನೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನೂ ರೂಪಿಸಿದ ಮೇಲೆ ಮೋಟಾರುಗಳ ಕಿಡಿ ನಂಬಿಕೆಗೆ ಅರ್ಹವಾಯಿತು. ಆ ಕಾರ್ಖಾನೆಯ ಒಂದು ಕವಲು ಮುಂದೆ ಕನ್ನಡ ನಾಡಿಗೂ ಬಂತು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ 'ಮೈಕೋ', ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿತು. ನಮ್ಮ ಮನೆಯ ಯೆಜ್ಡಿಯಲ್ಲಿದ್ದುದೂ ಮೈಕೋ ಪ್ಲಗ್ಗೇ.

ಮ್ಯಾಗ್ನೆಟೊದ ಆ ಕಾಲದಲ್ಲಿ ಗಳಿಗೆಯ ಯಜಮಾನ ಸವಾರನೇ ಆಗಿದ್ದ. ಹ್ಯಾಂಡಲ್ಲಿನ ಮೇಲೆ ಒಂದು ಪುಟ್ಟ ಸನ್ನೆ ಇರುತ್ತಿತ್ತು. ಒದೆಯುವ ಮೊದಲು ಅದನ್ನು ತಡದ ಕಡೆಗೆ ಸರಿಸಬೇಕು. ಎಂಜಿನ್ ಹತ್ತಿಕೊಂಡ ಮೇಲೆ ಮುಂಚಿನ ಕಡೆಗೆ ತರಬೇಕು. ದಿಬ್ಬ ಹತ್ತುವಾಗ ಎಂಜಿನ್ ಏದುಸಿರು ಬಿಟ್ಟರೆ ಮತ್ತೆ ಸ್ವಲ್ಪ ಹಿಂದಕ್ಕೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಬಳಸಿದ ಬಿಎಸ್‌ಎ ಎಂ20ರಲ್ಲಿ ಇಂಥ ಸನ್ನೆಯಿತ್ತು. ಅಮೆರಿಕನ್ನರ ಹಾರ್ಲೆ-ಡೇವಿಡ್‌ಸನ್ ಡಬ್ಲ್ಯುಎಲ್‌ಎಯಲ್ಲಿ ಬಲಗೈಯ ಹಿಡಿ ಪೆಟ್ರೋಲಿಗೆ, ಎಡಗೈಯ ಹಿಡಿ ಕಿಡಿಯ ಗಳಿಗೆಗೆ. ಆ ಕಾಲದ ಸವಾರ ಎಂಜಿನ್ನಿನ ದನಿ ಕೇಳಿ, ಕೈಯಿಂದಲೇ 'ಮ್ಯಾಪ್' ಬರೆಯುತ್ತಿದ್ದ ಎನ್ನಬಹುದು. ಆ ಮ್ಯಾಪು ಅವನ ಮಣಿಕಟ್ಟಿನಲ್ಲೇ ಇತ್ತು, ಅವನೊಂದಿಗೇ ಹೋಯಿತು.

ಎಲ್ಲ ಸವಾರರೂ ಇಷ್ಟು ಜಾಣರಲ್ಲ, ಎಲ್ಲರಿಗೂ ಇಷ್ಟು ವ್ಯವಧಾನವೂ ಇಲ್ಲ. ಆದ್ದರಿಂದ ಕೆಲಸ ಯಂತ್ರಕ್ಕೆ ಹೋಯಿತು. ತಿರುಗುವ ಒಂದು ತಟ್ಟೆಯ ಮೇಲೆ ಎರಡು ತೂಕದ ತುಂಡು, ಎರಡು ಸ್ಪ್ರಿಂಗು. ವೇಗ ಹೆಚ್ಚಿದಂತೆ ತೂಕಗಳು ಹೊರಕ್ಕೆ ಸರಿದು ಕಿಡಿಯನ್ನು ಮುಂಚೆಗೆ ತಳ್ಳುತ್ತವೆ. 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ರಾಯಲ್ ಎನ್‌ಫೀಲ್ಡ್ ಬುಲೆಟ್ಟನ್ನು ಬಲ್ಲವರಿಗೆ ಈ ಏರ್ಪಾಡು ಚಿರಪರಿಚಿತ. ಆ ಸ್ಪ್ರಿಂಗು ಸಡಿಲವಾದರೆ ಬುಲೆಟ್ಟು ಹೇಗೆ ಉಲ್ಟಾ ಒದೆಯುತ್ತದೆಂಬುದನ್ನೂ ಅವರು ಬಲ್ಲರು.

ಮೈಸೂರಿನ ಗಾಡಿ ಇದಕ್ಕಿಂತಲೂ ಸರಳ. ರುಸ್ತುಂ ಇರಾನಿಯವರೂ ಫಾರೂಕ್ ಇರಾನಿಯವರೂ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ, ಯಾದವಗಿರಿಯಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿತು. ಅದನ್ನು ಉದ್ಘಾಟಿಸಿದವರು ಆಗಿನ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 65 ಮಿಲಿಮೀಟರ್ ಅಗಲದ ಸಿಲಿಂಡರಿನಲ್ಲಿ 75 ಮಿಲಿಮೀಟರ್ ಉದ್ದ ಚಲಿಸುವ ಪಿಸ್ಟನ್ನು, 249 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್ನು. ಅಗಲಕ್ಕಿಂತ ಚಲನೆ ಉದ್ದವಾದ್ದರಿಂದ ಕಡಿಮೆ ವೇಗದಲ್ಲೂ ಎಳೆತ ಚೆನ್ನಾಗಿತ್ತು. ಪಾಯಿಂಟಿನ ಆ ಗಾಡಿಗಳಲ್ಲಿ ವೇಗಕ್ಕೆ ತಕ್ಕಂತೆ ಕಿಡಿಯನ್ನು ಸರಿಸುವ ಯಾವ ಏರ್ಪಾಡೂ ಇರಲಿಲ್ಲ. ಪಿಸ್ಟನ್ ಮೇಲ್ತುದಿಗೆ ಸುಮಾರು 3 ಮಿಲಿಮೀಟರ್ ಇರುವಾಗ, ಕ್ರ್ಯಾಂಕಿನ ಲೆಕ್ಕದಲ್ಲಿ ಸರಿಸುಮಾರು 20 ಡಿಗ್ರಿ ಮುಂಚೆ, ಕಿಡಿ ಹಾರಬೇಕು. ನಿಧಾನದಲ್ಲೂ ಅಷ್ಟೇ, ಓಟದಲ್ಲೂ ಅಷ್ಟೇ. ಎಲ್ಲ ವೇಗಗಳಿಗೂ ಒಂದೇ ಮುಹೂರ್ತ.

ಆ ಒಂದೇ ಮುಹೂರ್ತವನ್ನು ಇಡುವ ಪುರೋಹಿತನೇ ಮೆಕ್ಯಾನಿಕ್ಕು. ಉಸ್ತಾದರು ಪ್ಲಗ್ಗಿನ ತೂತಿನಲ್ಲಿ ಸೈಕಲ್ಲಿನ ಒಂದು ಕಡ್ಡಿಯನ್ನು ಇಳಿಬಿಡುತ್ತಿದ್ದರು. ಅದರ ಮೇಲೆ ಅರದಿಂದ ಗೀಚಿದ ಗುರುತುಗಳಿದ್ದವು. ಪಾಯಿಂಟುಗಳ ನಡುವೆ ಸಿಗರೇಟಿನ ತೆಳು ಕಾಗದ ಇಟ್ಟು, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ಆ ಕಾಗದವನ್ನು ಎಳೆಯುತ್ತಿದ್ದರು. ಕಾಗದ ಸಡಿಲವಾಗಿ ಈಚೆ ಬಂದ ಗಳಿಗೆಯೇ ಪಾಯಿಂಟು ತೆರೆದ ಗಳಿಗೆ, ಕಿಡಿಯ ಗಳಿಗೆ. ಆಗ ಕಡ್ಡಿಯ ಗುರುತು ನೋಡುತ್ತಿದ್ದರು. ತಪ್ಪಿದರೆ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಅದೇ ಪೂಜೆ. ಎರಡು ಸ್ಟ್ರೋಕಿನ ಇಂಥ ಎಂಜಿನ್ನಿಗೆ ಇನ್ನೊಂದು ಚೇಷ್ಟೆಯಿದೆ. ಕಿಡಿ ಅತಿ ಮುಂಚೆಯಾಗಿ, ಒದೆತ ಅರೆಮನಸ್ಸಿನದಾದರೆ ಎಂಜಿನ್ ಹಿಮ್ಮುಖವಾಗಿಯೇ ಹತ್ತಿಕೊಳ್ಳಬಲ್ಲದು. ಮೊದಲ ಗೇರು ಹಾಕಿದರೆ ಗಾಡಿ ಹಿಂದಕ್ಕೆ ಹೊರಡುತ್ತದೆ. ಹಾಗೆ ಹೊರಟ ಗಾಡಿಯ ಮೇಲೆ ಕುಳಿತವರ ಮುಖವನ್ನು ನೋಡಿದವರು ಮರೆಯಲಾರರು.

ನಾವು ಟ್ರಾಮಿನ ಹಳಿಯ ಮೇಲೆ ಬಿದ್ದುದೇಕೆ ಎಂಬುದಕ್ಕೆ ಕಾರಣವೂ ಈ ಪಾಯಿಂಟಿನಲ್ಲೇ ಇದೆ. ಪಾಯಿಂಟನ್ನು ತೆರೆಯುವ ಫೈಬರಿನ ಹಿಮ್ಮಡಿ ಕ್ಯಾಮಿನ ಮೇಲೆ ಉಜ್ಜಿ ಉಜ್ಜಿ ದಿನೇದಿನೇ ಸವೆಯುತ್ತದೆ. ಅದು ಸವೆದಂತೆ ಪಾಯಿಂಟು ತೆರೆಯುವುದು ತಡವಾಗುತ್ತದೆ, ಕಿಡಿಯೂ ತಡವಾಗುತ್ತದೆ. ಸರ್ವಿಸಿಗೆ ಹಾಕುವ ಹಿಂದಿನ ತಿಂಗಳುಗಳಲ್ಲಿ ನಮ್ಮ ಗಾಡಿ ಯಾರಿಗೂ ತಿಳಿಯದಂತೆ ಸಾಧುವಾಗುತ್ತಾ ಬಂದಿತ್ತು. ತಂದೆಯ ಕೈ ಆ ಸಾಧುತನಕ್ಕೆ ಒಗ್ಗಿತ್ತು. ಹೊಸ ಪಾಯಿಂಟು ಬಂದೊಡನೆ ಗಾಡಿ ತನ್ನ ನಿಜವಾದ ಸ್ವಭಾವಕ್ಕೆ ಮರಳಿತು, ಕೈ ಮರಳಿರಲಿಲ್ಲ. ಎರಡನೆಯ ಸಲ ಹೋದಾಗ ಉಸ್ತಾದರು ಪ್ಲೇಟನ್ನು ಸ್ವಲ್ಪ ತಡದ ಕಡೆಗೆ ಸರಿಸಿ, "ಇದು ಮಳೆಗಾಲಕ್ಕೆ. ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತದೆ, ಸೈಲೆನ್ಸರ್ ಹೆಚ್ಚು ಕಾಯುತ್ತದೆ. ಪೂಜೆ ಮುಗಿದ ಮೇಲೆ ಬನ್ನಿ, ಮೊದಲಿನಂತೆ ಮಾಡಿಕೊಡುತ್ತೇನೆ" ಎಂದರು. ಆ ಗಲ್ಲಿಯಲ್ಲಿ ಯಾರೂ ಆ ಹೆಸರಿನಿಂದ ಕರೆಯದಿದ್ದರೂ, ಅವರು ನಮಗೆ ಕೊಟ್ಟಿದ್ದು ಒಂದು 'ಮಳೆ ಮ್ಯಾಪ್'.

ಇದೇ ಪ್ರಶ್ನೆಯನ್ನು ಅತ್ಯಂತ ಕಠಿಣವಾಗಿ ಕೇಳುವ ಕ್ರೀಡೆ ಟ್ರಯಲ್ಸ್. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ತೊರೆ, ಮರದ ಬೇರು, ಕಡಿದಾದ ದಿಬ್ಬಗಳ ನಡುವೆ ಗುರುತು ಮಾಡಿದ ದಾರಿಯಲ್ಲಿ ಕಾಲೂರದೆ ಸಾಗಬೇಕು. ಒಮ್ಮೆ ಕಾಲೂರಿದರೆ 1 ಅಂಕ ದಂಡ, ಎರಡು ಸಲಕ್ಕೆ 2, ಅದಕ್ಕಿಂತ ಹೆಚ್ಚಾದರೆ 3, ಬಿದ್ದರೆ 5. ಸೊನ್ನೆ ಪಡೆದವನೇ ಜಾಣ. ಜಾವಾಕ್ಕೆ ಕೀರ್ತಿ ತಂದ 'ಆರು ದಿನಗಳ ಟ್ರಯಲ್' ದೂರದ ಓಟದ ಸಹನೆಯ ಪರೀಕ್ಷೆ. ಹೆಸರು ಒಂದೇ ಆದರೂ ಅದರ ಜಾತಿ ಬೇರೆ. ಬಂಡೆಯ ಟ್ರಯಲ್ಸ್ ಬೆಳೆದದ್ದು ಬ್ರಿಟನ್ನಿನಲ್ಲಿ, ಭಾರವಾದ ನಾಲ್ಕು ಸ್ಟ್ರೋಕಿನ ಗಾಡಿಗಳ ಮೇಲೆ. 1965ರಲ್ಲಿ ಸ್ಯಾಮಿ ಮಿಲ್ಲರ್ ಸ್ಪೇನಿನ ಬುಲ್ಟಾಕೊ ಷೆರ್ಪಾ ಎಂಬ ಹಗುರವಾದ ಎರಡು ಸ್ಟ್ರೋಕಿನ ಗಾಡಿಯಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಸ್ಪರ್ಧೆಯನ್ನು ಗೆದ್ದ ಮೇಲೆ ಆ ಯುಗ ಮುಗಿಯಿತು.

ಹಗುರತನದೊಂದಿಗೆ ಹೊಸ ಕಷ್ಟವೂ ಬಂತು. ಎರಡು ಸ್ಟ್ರೋಕಿನ ಎಂಜಿನ್ನಿನ ಶಕ್ತಿ ಥಟ್ಟನೆ ಏರುತ್ತದೆ. ಒದ್ದೆ ಬಂಡೆಯ ಮೇಲೆ ಟೈರಿನ ಹಿಡಿತಕ್ಕೆ ಒಂದು ಮಿತಿಯಿದೆ. ತಳ್ಳುವಿಕೆ ಆ ಮಿತಿಯನ್ನು ಒಂದು ಕ್ಷಣ ಮೀರಿದರೆ ಚಕ್ರ ಜಾರಿ ತಿರುಗುತ್ತದೆ, ತಿರುಗಿದ ಮೇಲೆ ಹಿಡಿತ ಇನ್ನೂ ಕುಸಿಯುತ್ತದೆ. ಇದಕ್ಕೆ ಮೊದಲ ಮದ್ದು ಭಾರವಾದ ಫ್ಲೈವೀಲು. ಕುಂಬಾರನ ತಿಗರಿಯಂತೆ ಅದು ಪ್ರತಿಯೊಂದು ಸ್ಫೋಟದ ಏಟನ್ನೂ ತನ್ನೊಳಗೆ ನುಂಗಿ ಸಮವಾಗಿ ಹಂಚುತ್ತದೆ. ಎರಡನೆಯ ಮದ್ದು ಕ್ಲಚ್ಚಿನ ಮೇಲಿನ ಒಂದು ಬೆರಳು. ಮೂರನೆಯದು ಕಿಡಿಯ ಗಳಿಗೆ.

ಪಾಯಿಂಟಿನ ಜಾಗದಲ್ಲಿ ಸಿಡಿಐ ಬಂದಾಗ ಸವೆಯುವ ಹಿಮ್ಮಡಿ ಇಲ್ಲವಾಯಿತು. ಅಯಸ್ಕಾಂತವೊಂದು ಸಣ್ಣ ಕಾಯಿಲಿನ ಮುಂದೆ ಹಾದಾಗ ಸಂಕೇತ ಹೊರಡುತ್ತದೆ. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತು ಒಮ್ಮೆಗೇ ಕಾಯಿಲಿಗೆ ಹರಿದು ಕಿಡಿಯಾಗುತ್ತದೆ. ನಮ್ಮಲ್ಲಿ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಈ ಬಗೆಯದು. ಆ ಪೆಟ್ಟಿಗೆಯೊಳಗೆ ಮೈಕ್ರೊಪ್ರೊಸೆಸರ್ ಸೇರಿದ ಮೇಲೆ ಗಳಿಗೆಯೆಂಬುದು ಒಂದು ಕೋಷ್ಟಕವಾಯಿತು. ಇಷ್ಟು ವೇಗಕ್ಕೆ ಇಷ್ಟು ಡಿಗ್ರಿ, ಇನ್ನಷ್ಟು ವೇಗಕ್ಕೆ ಇನ್ನಷ್ಟು. ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂಬುದನ್ನೂ ಸೇರಿಸಿದರೆ ಕೋಷ್ಟಕಕ್ಕೆ ಅಡ್ಡಸಾಲು, ಉದ್ದಸಾಲು ಎರಡೂ ಬರುತ್ತವೆ. ಇದೇ ಇಗ್ನಿಷನ್ ಮ್ಯಾಪ್: ಪ್ರತಿಯೊಂದು ಘಟ್ಟಕ್ಕೂ ಮೊದಲೇ ಮುಹೂರ್ತ ಬರೆದಿಟ್ಟ ಪಂಚಾಂಗ.

ಎರಡು ಸ್ಟ್ರೋಕಿನ ಎಂಜಿನ್ನಿಗೆ ಈ ಪಂಚಾಂಗ ಬರೆಯುವಾಗ ಒಂದು ವಿಚಿತ್ರವಿದೆ. ನಡುವಣ ವೇಗದವರೆಗೆ ಕಿಡಿಯನ್ನು ಮುಂಚೆ ಇಟ್ಟು, ಅತಿ ವೇಗದಲ್ಲಿ ಮತ್ತೆ ತಡ ಮಾಡುತ್ತಾರೆ. ತಡವಾದ ಕಿಡಿಯಿಂದ ಹೊಗೆಯ ಕೊಳವೆ ಹೆಚ್ಚು ಕಾಯುತ್ತದೆ. ಬಿಸಿ ಗಾಳಿಯಲ್ಲಿ ಶಬ್ದದ ಅಲೆ ಬೇಗ ಸಾಗುತ್ತದೆ. ಕೊಳವೆಯಿಂದ ಮರಳುವ ಅಲೆ ಆ ವೇಗಕ್ಕೆ ಸರಿಯಾಗಿ ಬಂದು ಎಂಜಿನ್ನಿನ ಉಸಿರಾಟಕ್ಕೆ ನೆರವಾಗುತ್ತದೆ.

ಬೀಟಾ ಇವೊ, ಗ್ಯಾಸ್‌ಗ್ಯಾಸ್‌ನಂಥ ಈಚಿನ ಟ್ರಯಲ್ಸ್ ಗಾಡಿಗಳಲ್ಲಿ ಇಂಥ ಎರಡು ಪಂಚಾಂಗಗಳಿದ್ದು, ನಡುವೆ ಒಂದು ಸ್ವಿಚ್ ಇರುತ್ತದೆ. ಒಂದು ಒಣ ನೆಲಕ್ಕೆ, ಒಂದು ಒದ್ದೆ ನೆಲಕ್ಕೆ. ಒದ್ದೆಯದನ್ನು ಆರಿಸಿದರೆ ಕೆಳ ಮತ್ತು ನಡುವಣ ವೇಗಗಳಲ್ಲಿ ಕಿಡಿ ತಡವಾಗಿ ಹಾರುತ್ತದೆ, ಪ್ರತಿಯೊಂದು ತಳ್ಳುವಿಕೆಯೂ ಮೆತ್ತಗಾಗುತ್ತದೆ. ಇಲ್ಲಿ ಮುಖ್ಯವಾದದ್ದು ಶಕ್ತಿಯ ಶಿಖರದ ಎತ್ತರಕ್ಕಿಂತ ಅದಕ್ಕೆ ಏರುವ ದಾರಿಯ ಕಡಿದುತನ. ಆಳೆತ್ತರದ ಗೋಡೆಗೆ ಒಣ ನೆಲದಿಂದ ನೆಗೆಯುವಾಗ ಕಡಿದಾದ ದಾರಿ ಬೇಕು. ಪಾಚಿಯ ಮೇಲೆ ಅದೇ ದಾರಿ ದಂಡಕ್ಕೆ ಕಾರಣ. ಸ್ವಿಚ್ಚು ಎಲ್ಲವನ್ನೂ ಮಾಡಿಬಿಡುತ್ತದೆಂದಲ್ಲ. ಫ್ಲೈವೀಲಿನ ತೂಕ, ಕಾರ್ಬುರೇಟರಿನ ಹದ, ಕ್ಲಚ್ಚಿನ ಬೆರಳು ಕೆಟ್ಟರೆ ಯಾವ ಮ್ಯಾಪೂ ಕಾಯದು. 2005ರ ಮಾಂಟೆಸಾ ಕೋಟಾ 4ಆರ್‌ಟಿ ಬ್ಯಾಟರಿಯಿಲ್ಲದೆಯೇ ಕೆಲಸ ಮಾಡುವ ಫ್ಯುಯೆಲ್ ಇಂಜೆಕ್ಷನ್ನಿನೊಂದಿಗೆ ನಾಲ್ಕು ಸ್ಟ್ರೋಕನ್ನು ಈ ಕ್ರೀಡೆಗೆ ಮರಳಿ ತಂದಿತು. ಅಲ್ಲಿ ಕಿಡಿಯೊಂದಿಗೆ ಪೆಟ್ರೋಲಿನ ಲೆಕ್ಕವೂ ಕೋಷ್ಟಕಕ್ಕೆ ಸೇರಿತು.

ಬಂಡೆಯ ಮೇಲಿನ ಈ ವಿದ್ಯೆ ಈಗ ನಮ್ಮ ಬೀದಿಗೂ ಬಂದಿದೆ. 2003ರಲ್ಲಿ ಬಜಾಜ್ ಪಲ್ಸರ್ ಎರಡು ಪ್ಲಗ್ಗಿನ ಡಿಜಿಟಲ್ ಕಿಡಿಯನ್ನು ಸಾಮಾನ್ಯ ಸವಾರನಿಗೆ ಕೊಟ್ಟಿತು. ಕನ್ನಡವೂ ತಮಿಳೂ ತೆಲುಗೂ ಬೆರೆಯುವ ಗಡಿಯೂರು ಹೊಸೂರಿನ ಟಿವಿಎಸ್ ಕಂಪನಿ, ಈಚಿನ ಕೆಲವು ಅಪಾಚೆ ಮಾದರಿಗಳಲ್ಲಿ ಸ್ಪೋರ್ಟ್, ಅರ್ಬನ್, ರೈನ್ ಎಂಬ ಮೂರು ಬಗೆಗಳನ್ನಿಟ್ಟಿದೆ. ಹ್ಯಾಂಡಲ್ಲಿನ ಗುಂಡಿಯಲ್ಲಿ 'ರೈನ್' ಎಂಬುದನ್ನು ಕಂಡಾಗಲೆಲ್ಲ ನನಗೆ ಮಲ್ಲಿಕ್ ಬಜಾರಿನ ಸೈಕಲ್ ಕಡ್ಡಿ ನೆನಪಾಗುತ್ತದೆ.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕೋಲ್ಕತ್ತಾದ ಎರಡು ಸ್ಟ್ರೋಕಿನ ಆಟೋಗಳು ಹೈಕೋರ್ಟಿನ ಆದೇಶದಂತೆ 2009ರಲ್ಲಿ ಬೀದಿ ಬಿಟ್ಟವು. ಹೊಗೆ ಕಡಿಮೆಯಾಯಿತು, ಅದು ಆಗಬೇಕಾದದ್ದೇ. ಈ ನಗರದ ಗಾಳಿಯನ್ನು ಉಸಿರಾಡಿದ ಯಾರೂ ಅದಕ್ಕಾಗಿ ಅಳಬೇಕಾಗಿಲ್ಲ. ಆದರೆ ಅದರೊಂದಿಗೆ ಹೋದ ಇನ್ನೊಂದು ವಸ್ತುವಿನ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಂದಿನ ಪಂಚಾಂಗ ಮುಚ್ಚಿದ ಪೆಟ್ಟಿಗೆಯಲ್ಲಿದೆ. ಅದನ್ನು ಬರೆದವರನ್ನು ನಾವು ಕಾಣೆವು. ತಿದ್ದುವ ಹಕ್ಕು ಬೀದಿಯ ಮೆಕ್ಯಾನಿಕ್ಕಿಗಿಲ್ಲ. ಕೆಟ್ಟರೆ ಪೆಟ್ಟಿಗೆಯನ್ನೇ ಬದಲಿಸಬೇಕು. ನಿಖರತೆಯಲ್ಲಿ ಅದು ಸಿಗರೇಟಿನ ಕಾಗದವನ್ನು ನೂರು ಪಟ್ಟು ಮೀರಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಬಿದ್ದು ಬಂದ ಸವಾರನನ್ನು ನೋಡಿ, ಇವನ ಕೈಗೆ, ಇವನು ಓಡಾಡುವ ರಸ್ತೆಗೆ, ಈ ತಿಂಗಳ ಮಳೆಗೆ ಯಾವ ಗಳಿಗೆ ಕೂಡಿಬರುತ್ತದೆ ಎಂದು ಕೇಳುವ ಗುಣ ಪೆಟ್ಟಿಗೆಗೆ ಇಲ್ಲ. ಟ್ರಯಲ್ಸ್ ಗಾಡಿಯನ್ನು ಮಾಡುವವರು ಆ ಪ್ರಶ್ನೆಯನ್ನು ಸವಾರನಿಗೇ ಬಿಟ್ಟಿದ್ದಾರೆ; ಅದಕ್ಕಾಗಿಯೇ ಆ ಸ್ವಿಚ್ಚು ನನಗೆ ಅಚ್ಚುಮೆಚ್ಚು.

ತಂದೆಯ ಯೆಜ್ಡಿ ಈಗ ನಮ್ಮ ಕಟ್ಟಡದ ಮೆಟ್ಟಿಲಿನ ಕೆಳಗಿದೆ. ಉಸ್ತಾದರೂ ಇಲ್ಲ, ತಂದೆಯವರೂ ಇಲ್ಲ. ಪಾಯಿಂಟು ಸರಿಮಾಡುವ ಕ್ರಮವನ್ನು ಉಸ್ತಾದರಿಂದ ಕೇಳಿ ತಂದೆ ಒಂದು ಹಳೆಯ ಡೈರಿಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದರು. ಕಡ್ಡಿಯ ಗುರುತುಗಳ ಚಿತ್ರವೂ ಅದರಲ್ಲಿದೆ. ಹಿಂದಿಯಲ್ಲಿ ಹೇಳಿದ್ದು ಮೈಸೂರಿನ ಕನ್ನಡವಾಗಿ ಉಳಿದಿದೆ. ಹೊರನಾಡಿನ ನಮ್ಮ ಮನೆಗಳ ಅಟ್ಟಗಳಲ್ಲಿ, ಹಳೆಯ ಡಬ್ಬಗಳಲ್ಲಿ ಇಂಥ ಡೈರಿಗಳು ಇನ್ನೂ ಇರಬಹುದು. ರದ್ದಿಯವನಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ಕಳೆದ ಆಷಾಢದಲ್ಲಿ ನಾನು ಆ ಪುಟವನ್ನು ಮುಂದಿಟ್ಟುಕೊಂಡು, ಕಾಗದ ಎಳೆದು, ಪ್ಲೇಟನ್ನು ಸ್ವಲ್ಪ ತಡದ ಕಡೆಗೆ ಸರಿಸಿದೆ. ಮೂರನೆಯ ಒದೆತಕ್ಕೆ ಗಾಡಿ ಹತ್ತಿಕೊಂಡಿತು, ಮುಮ್ಮುಖವಾಗಿಯೇ.